ಹವ್ಯಾಸಿ ರೇಡಿಯೋ ಕ್ಷೇತ್ರ ಬಳಕೆಗೆ ಸಾಗಿಸಬಹುದಾದ ಆಂಟೆನಾದ ಆಯ್ಕೆ: ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹವ್ಯಾಸಿ ರೇಡಿಯೋ ಅಥವಾ ಹ್ಯಾಮ್ ರೇಡಿಯೋ ಎಂಬುದು ಸರ್ಕಾರದ ಪರವಾನಗಿ ಪಡೆದ ವ್ಯಕ್ತಿಗಳು ಲಾಭದ ಉದ್ದೇಶವಿಲ್ಲದೆ, ಸ್ವಯಂ ಕಲಿಕೆ ಮತ್ತು ಪರಸ್ಪರ ಸಂಪರ್ಕಕ್ಕಾಗಿ ನಡೆಸುವ ರೇಡಿಯೋ ಸೇವೆಯಾಗಿದೆ. ವಿದ್ಯುತ್ ಮತ್ತು ಮೊಬೈಲ್ ಜಾಲ ಸ್ಥಗಿತಗೊಂಡ ಸಂದರ್ಭಗಳಲ್ಲಿ ಈ ಸೇವೆಯು ಆಡಳಿತಕ್ಕೆ ನೆರವಾಗಿದೆ. 1999ರ ಒಡಿಶಾ ಚಂಡಮಾರುತ ಮತ್ತು 2001ರ ಗುಜರಾತ್ ಭೂಕಂಪದ ಸಂದರ್ಭಗಳಲ್ಲಿ ಹವ್ಯಾಸಿಗಳು ಸಂದೇಶಗಳನ್ನು ರವಾನಿಸಿದರು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರ ತಂಡವು ಹವ್ಯಾಸಿ ಕಾರ್ಯಾಚರಣೆಗಾಗಿ ಪೋರ್ಟ್ ಬ್ಲೇರ್‌ನಲ್ಲಿತ್ತು. ತಂಡವು ತನ್ನ ಕಾರ್ಯಕ್ರಮವನ್ನು ನಿಲ್ಲಿಸಿ, ಅದೇ ಉಪಕರಣಗಳಿಂದ ಅಂಡಮಾನ್ ಮತ್ತು ಮುಖ್ಯಭೂಮಿಯ ನಡುವೆ ಸಂದೇಶಗಳನ್ನು ತಲುಪಿಸಿತು.

ಇಂತಹ ಕಾರ್ಯಗಳಲ್ಲಿ ರೇಡಿಯೋ ಯಂತ್ರದಷ್ಟೇ ಮುಖ್ಯವಾದುದು ಆಂಟೆನಾ. ಉತ್ತಮ ಯಂತ್ರವಿದ್ದೂ, ತಲುಪಬೇಕಾದ ದೂರಕ್ಕೆ ಹೊಂದದ ಆಂಟೆನಾ ಇದ್ದಲ್ಲಿ ಸಂದೇಶವು ತಲುಪುವುದಿಲ್ಲ. ಪರವಾನಗಿಗೆ ಅರ್ಜಿ ಸಲ್ಲಿಸುವ ಅಥವಾ ಹೊಸದಾಗಿ ಪರವಾನಗಿ ಪಡೆದ ನಾಗರಿಕರು, ಮನೆಯಿಂದ ಹೊರಗೆ ಬಳಸಲು ಸಾಗಿಸಬಹುದಾದ ಆಂಟೆನಾವನ್ನು ವಿವೇಚನೆಯಿಂದ ಆಯ್ಕೆ ಮಾಡಿಕೊಳ್ಳಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಪರವಾನಗಿಗೆ ಸಂಬಂಧಿಸಿದ ಅಂಶಗಳು

2.1 ಹವ್ಯಾಸಿ ರೇಡಿಯೋ ಪರವಾನಗಿ ನೀಡುವುದು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗದ ಕಾರ್ಯವಾಗಿರುತ್ತದೆ. ತಾಲ್ಲೂಕು ಕಚೇರಿ, ಜಿಲ್ಲಾಧಿಕಾರಿಗಳ ಕಚೇರಿ ಅಥವಾ ಪೊಲೀಸ್ ಠಾಣೆಗಳಲ್ಲಿ ಈ ಪರವಾನಗಿಯನ್ನು ನೀಡಲಾಗುವುದಿಲ್ಲ.

2.2 ಅರ್ಜಿದಾರರು ಹವ್ಯಾಸಿ ಕೇಂದ್ರ ನಿರ್ವಾಹಕರ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು. ರೇಡಿಯೋ ಸಿದ್ಧಾಂತ ಮತ್ತು ನಿಯಮಾವಳಿ ಪರೀಕ್ಷೆಯ ಮುಖ್ಯ ವಿಷಯಗಳಾಗಿವೆ. ಅರ್ಜಿಗಳನ್ನು ದೂರಸಂಪರ್ಕ ಇಲಾಖೆಯ ‘ಸರಳ್ ಸಂಚಾರ್’ ಜಾಲತಾಣದ ಮೂಲಕ ಸಲ್ಲಿಸಬಹುದು.

2.3 ಈ ಸೇವೆಯ ಷರತ್ತುಗಳನ್ನು 1978ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫ್ (ಹವ್ಯಾಸಿ ಸೇವೆ) ನಿಯಮಗಳು ರೂಪಿಸಿದ್ದವು. ತದನಂತರ ದೂರಸಂಪರ್ಕ ಅಧಿನಿಯಮ, 2023 ಅಂಗೀಕಾರಗೊಂಡು, ಅದರ ಹಲವು ಕಲಮುಗಳು 2024ರ ಜೂನ್ 26ರಿಂದ ಜಾರಿಗೆ ಬಂದಿವೆ. ನಿಯಮಗಳು ಹಂತ ಹಂತವಾಗಿ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ಶುಲ್ಕ, ಅವಧಿ ಮತ್ತು ಗರಿಷ್ಠ ಶಕ್ತಿಯ ಮಿತಿಯನ್ನು ಅರ್ಜಿದಾರರು ಸದರಿ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

2.4 ಪರವಾನಗಿಯಲ್ಲಿ ಕೇಂದ್ರದ ವಿಳಾಸವನ್ನು ನಮೂದಿಸಲಾಗಿರುತ್ತದೆ. ಆ ವಿಳಾಸದ ಹೊರಗೆ, ಅಂದರೆ ಬೆಟ್ಟ, ಹೊಲ ಅಥವಾ ಶಿಬಿರದಲ್ಲಿ ಕೇಂದ್ರವನ್ನು ನಡೆಸುವ ಮೊದಲು, ತಮ್ಮ ಪರವಾನಗಿಯ ಷರತ್ತುಗಳಲ್ಲಿ ಅದಕ್ಕೆ ಅವಕಾಶವಿದೆಯೇ ಎಂಬುದನ್ನು ದೃಢಪಡಿಸಿಕೊಳ್ಳತಕ್ಕದ್ದು. ಹೊರಗೆ ಹೋಗುವಾಗ ಪರವಾನಗಿಯ ಪ್ರತಿ ಮತ್ತು ಗುರುತಿನ ಚೀಟಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಸೂಕ್ತ.

3. ಮೊದಲು ನಿರ್ಧರಿಸಬೇಕಾದುದು: ಯಾರೊಡನೆ, ಎಷ್ಟು ದೂರಕ್ಕೆ

ಆಂಟೆನಾ ಖರೀದಿಸುವ ಮೊದಲು ಬಳಕೆದಾರರು ತಾವು ಯಾವ ಊರಿನಿಂದ ಯಾವ ಊರಿಗೆ ಸಂಪರ್ಕ ಬಯಸುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳತಕ್ಕದ್ದು. ಉಳಿದೆಲ್ಲ ಆಯ್ಕೆಗಳು ಇದನ್ನೇ ಅವಲಂಬಿಸಿವೆ.

3.1 ಊರೊಳಗಿನ ಮತ್ತು ನೆರೆಯ ಊರಿನ ಸಂಪರ್ಕ

ಇದಕ್ಕೆ 144ರಿಂದ 146 ಮೆಗಾಹರ್ಟ್ಸ್ ವ್ಯಾಪ್ತಿಯ 2 ಮೀಟರ್ ಪಟ್ಟಿ ಅಥವಾ 434ರಿಂದ 438 ಮೆಗಾಹರ್ಟ್ಸ್ ವ್ಯಾಪ್ತಿಯ 70 ಸೆಂಟಿಮೀಟರ್ ಪಟ್ಟಿಯನ್ನು ಬಳಸಲಾಗುತ್ತದೆ. ಈ ಅಲೆಗಳು ಬಹುತೇಕ ನೇರವಾಗಿ ಚಲಿಸುವುದರಿಂದ ದೂರವನ್ನು ನಿರ್ಧರಿಸುವುದು ಆಂಟೆನಾದ ಎತ್ತರ. ಆಂಟೆನಾದ ಎತ್ತರವನ್ನು ಮೀಟರ್‌ಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ಆಂಟೆನಾದ ದಿಗಂತ ಕಿಲೋಮೀಟರ್‌ಗಳಲ್ಲಿ ದೊರೆಯುತ್ತದೆ. ಎರಡೂ ಕಡೆಯ ಆಂಟೆನಾಗಳ ಅಂಕಿಗಳನ್ನು ಕೂಡಿದರೆ ಸಮತಟ್ಟಾದ ನೆಲದಲ್ಲಿ ಸಾಧ್ಯವಾಗುವ ಗರಿಷ್ಠ ದೂರ ತಿಳಿಯುತ್ತದೆ.

ಉದಾಹರಣೆಗೆ:
- ಇಬ್ಬರೂ ಕೈಯಲ್ಲಿ ಹಿಡಿಯುವ ಸೆಟ್ ಬಳಸಿದಾಗ (ಎತ್ತರ 1.5 ಮೀಟರ್): ಸುಮಾರು 10 ಕಿ.ಮೀ.
- ಒಬ್ಬರ ಆಂಟೆನಾ 9 ಮೀಟರ್ ಗಳದ ಮೇಲಿದ್ದು, ಮತ್ತೊಬ್ಬರದು ಕೈಸೆಟ್ ಆದಾಗ: ಸುಮಾರು 17 ಕಿ.ಮೀ.
- ಇಬ್ಬರ ಆಂಟೆನಾಗಳೂ 9 ಮೀಟರ್ ಎತ್ತರದಲ್ಲಿದ್ದಾಗ: ಸುಮಾರು 25 ಕಿ.ಮೀ.

ತುಮಕೂರಿನಿಂದ ಗುಬ್ಬಿಗೆ ನೇರ ದೂರ ಸುಮಾರು 18 ಕಿ.ಮೀ. ಆದುದರಿಂದ ಎರಡೂ ಊರುಗಳಲ್ಲಿ ಗಳ ನಿಲ್ಲಿಸಿದಲ್ಲಿ ಮಾತ್ರ ಭರವಸೆಯ ಸಂಪರ್ಕ ನಿರೀಕ್ಷಿಸಬಹುದು. ತುಮಕೂರಿನಿಂದ ಕುಣಿಗಲ್‌ಗೆ ನೇರ ದೂರ ಸುಮಾರು 36 ಕಿ.ಮೀ. ಈ ದೂರಕ್ಕೆ 9 ಮೀಟರ್ ಗಳಗಳು ಸಾಲುವುದಿಲ್ಲ. ನಡುವಿನ ದಿಬ್ಬ, ಕಟ್ಟಡ ಮತ್ತು ದಟ್ಟ ತೋಟಗಳು ಮೇಲಿನ ಅಂಕಿಗಳನ್ನು ಇನ್ನಷ್ಟು ತಗ್ಗಿಸುತ್ತವೆ.

3.2 ಜಿಲ್ಲೆಯೊಳಗಿನ ಮತ್ತು ರಾಜ್ಯದೊಳಗಿನ ಸಂಪರ್ಕ

ಕುಣಿಗಲ್‌ನಿಂದ ತುಮಕೂರು, ಬೆಂಗಳೂರು, ಹಾಸನ, ಶಿವಮೊಗ್ಗ ಮುಂತಾದ ಸ್ಥಳಗಳಿಗೆ ಹಗಲಿನಲ್ಲಿ 40 ಮೀಟರ್ ಪಟ್ಟಿ, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್, ಹೆಚ್ಚು ಉಪಯುಕ್ತ. ಇಲ್ಲಿ ಅಲೆಗಳನ್ನು ಬಹುತೇಕ ನೇರವಾಗಿ ಮೇಲಕ್ಕೆ ಕಳುಹಿಸಲಾಗುತ್ತದೆ. ಅವು ಅಯಾನುಗೋಳದಿಂದ ಹಿಂದಿರುಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರ್ ಪ್ರದೇಶದ ಮೇಲೆ ಕೊಡೆಯಂತೆ ಹರಡುತ್ತವೆ. ನಡುವೆ ಬೆಟ್ಟಗಳಿದ್ದರೂ ಅಡ್ಡಿಯಾಗುವುದಿಲ್ಲ. ಇದಕ್ಕೆ ಬೇಕಾದುದು ನೆಲದಿಂದ 5ರಿಂದ 10 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ತಂತಿಯೇ ಹೊರತು, ಎತ್ತರವಾದ ಕಂಬವಲ್ಲ. ಸಂಜೆಯ ನಂತರ ಅಯಾನುಗೋಳದ ಸಾಂದ್ರತೆ ಇಳಿಯುವುದರಿಂದ ಹತ್ತಿರದ ಕೇಂದ್ರಗಳು 40 ಮೀಟರ್‌ನಲ್ಲಿ ಕೇಳಿಸದೆ ಹೋಗಬಹುದು. ಆಗ 80 ಮೀಟರ್ ಪಟ್ಟಿಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ.

3.3 ದೂರದ ರಾಜ್ಯಗಳು ಮತ್ತು ವಿದೇಶ

ಇದಕ್ಕೆ 14.0ರಿಂದ 14.35 ಮೆಗಾಹರ್ಟ್ಸ್ ವ್ಯಾಪ್ತಿಯ 20 ಮೀಟರ್ ಪಟ್ಟಿ ಮತ್ತು ಅದಕ್ಕಿಂತ ಮೇಲಿನ ಪಟ್ಟಿಗಳು ಸೂಕ್ತ. ಅಲೆಗಳು ದಿಗಂತಕ್ಕೆ ಸಮೀಪವಾದ ಕೋನದಲ್ಲಿ ಹೊರಡಬೇಕಾಗುತ್ತದೆ. ನೆಟ್ಟಗೆ ನಿಲ್ಲುವ ಆಂಟೆನಾ ಈ ಕಾರ್ಯವನ್ನು ಚೆನ್ನಾಗಿ ನಿರ್ವಹಿಸುತ್ತದೆ.

3.4 ವಿಶೇಷ ಸೂಚನೆ

ಹೊಸಬರಲ್ಲಿ ಅತಿ ಸಾಮಾನ್ಯವಾಗಿ ಕಂಡುಬರುವ ತಪ್ಪೆಂದರೆ, ಜಿಲ್ಲೆಯೊಳಗಿನ ತುರ್ತು ಸಂಪರ್ಕಕ್ಕಾಗಿ 20 ಮೀಟರ್‌ನ ನೆಟ್ಟ ಆಂಟೆನಾವನ್ನು ಕೊಳ್ಳುವುದು. ಇಂತಹ ಆಂಟೆನಾದಲ್ಲಿ ದೆಹಲಿಯ ಕೇಂದ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರು ಕೇಳಿಸುವುದಿಲ್ಲ. ಯಂತ್ರದಲ್ಲಿ ದೋಷವಿರುವುದಿಲ್ಲ. ಹೊರಟ ಅಲೆಗಳು ಹತ್ತಿರದ ಪ್ರದೇಶವನ್ನು ದಾಟಿ ದೂರದಲ್ಲಿ ಇಳಿಯುತ್ತವೆ. ಈ ವ್ಯತ್ಯಾಸವನ್ನು ಶಾಂತಿಯ ದಿನಗಳಲ್ಲಿಯೇ ಪರೀಕ್ಷಿಸಿ ತಿಳಿದುಕೊಳ್ಳುವುದು ಅಗತ್ಯ.

4. ಸಾಗಿಸಬಹುದಾದ ಆಂಟೆನಾಗಳ ಬಗೆಗಳು

4.1 ಡೈಪೋಲ್ ಮತ್ತು ತಲೆಕೆಳಗಾದ ‘ವಿ’

ಎರಡು ಸಮಾನ ಉದ್ದದ ತಂತಿಗಳ ನಡುವೆ ಕೇಬಲ್ ಸೇರಿಸಿದ ಸರಳ ಆಂಟೆನಾ ಇದು. ನಡುಭಾಗವನ್ನು ಒಂದು ಗಳದ ತುದಿಗೆ ಕಟ್ಟಿ, ಎರಡೂ ತೋಳುಗಳನ್ನು ಇಳಿಜಾರಾಗಿ ಎಳೆದು ಕಟ್ಟಿದಾಗ ಅದು ತಲೆಕೆಳಗಾದ ‘ವಿ’ ಆಕಾರ ಪಡೆಯುತ್ತದೆ. ಒಂದೇ ಆಧಾರ ಸಾಕಾಗುವುದರಿಂದ ಕ್ಷೇತ್ರ ಬಳಕೆಗೆ ಇದು ಅನುಕೂಲಕರ. 40 ಮೀಟರ್ ಪಟ್ಟಿಗೆ ಪ್ರತಿ ತೋಳು ಸುಮಾರು 10 ಮೀಟರ್. ಗಳದ ತುದಿ 8 ಮೀಟರ್ ಎತ್ತರದಲ್ಲಿದ್ದು, ತಂತಿಯ ತುದಿಗಳು 2.5 ಮೀಟರ್ ಎತ್ತರದಲ್ಲಿದ್ದಲ್ಲಿ, ಕಟ್ಟುವ ಹಗ್ಗಗಳೂ ಸೇರಿ ಸುಮಾರು 25 ಮೀಟರ್ ಉದ್ದದ ತೆರವು ಬೇಕಾಗುತ್ತದೆ. ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗಬಾರದು.

ಪ್ರತಿ ತೋಳಿನಲ್ಲಿ 5 ಮೀಟರ್ ಆಸುಪಾಸಿನಲ್ಲಿ ಬಿಡಿಸಿ ಜೋಡಿಸಬಹುದಾದ ಕೊಂಡಿ ಇರಿಸಿದಲ್ಲಿ, ಅದೇ ತಂತಿಯನ್ನು 20 ಮೀಟರ್ ಪಟ್ಟಿಗೂ ಬಳಸಬಹುದು. ಪಟ್ಟಿ ಬದಲಾಯಿಸುವಾಗ ಗಳವನ್ನು ಇಳಿಸಬೇಕಾಗುವುದು ಇದರ ಅನನುಕೂಲ. ಮೊದಲ ಆಂಟೆನಾ ಕೊಳ್ಳುವವರಿಗೆ, ಅಥವಾ ಸ್ವತಃ ತಯಾರಿಸಿಕೊಳ್ಳುವವರಿಗೆ, ಈ ಬಗೆಯೇ ಸೂಕ್ತವಾಗಿರುತ್ತದೆ.

4.2 ತುದಿಯಿಂದ ಪೂರೈಸುವ ಅರ್ಧ ಅಲೆಯ ತಂತಿ

ಸುಮಾರು 20 ಮೀಟರ್ ಉದ್ದದ ಒಂದೇ ತಂತಿಯ ತುದಿಗೆ 49ಕ್ಕೆ 1 ಅನುಪಾತದ ಟ್ರಾನ್ಸ್‌ಫಾರ್ಮರ್ ಜೋಡಿಸಲಾಗಿರುತ್ತದೆ. 40, 20, 15 ಮತ್ತು 10 ಮೀಟರ್ ಪಟ್ಟಿಗಳಲ್ಲಿ ತಂತಿಯನ್ನು ಬದಲಾಯಿಸದೆ ಬಳಸಬಹುದು. ಒಂದು ತುದಿಯನ್ನು ಮರಕ್ಕೆ, ಇನ್ನೊಂದನ್ನು ಮೇಜಿನ ಬಳಿಯ ಗೂಟಕ್ಕೆ ಕಟ್ಟಿದರೆ ಸಾಕು. ಟ್ರಾನ್ಸ್‌ಫಾರ್ಮರ್‌ನಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಕೇಬಲ್‌ನ ಹೊರಮೈ ಕೂಡ ಆಂಟೆನಾದಂತೆ ವರ್ತಿಸುವುದನ್ನು ತಡೆಯಲು ಕೇಬಲ್‌ಗೆ ಫೆರೈಟ್ ಚೋಕ್ ಹಾಕಿಕೊಳ್ಳತಕ್ಕದ್ದು.

4.3 ನೆಟ್ಟ ಕಾಲು ಅಲೆಯ ಆಂಟೆನಾ

20 ಮೀಟರ್ ಪಟ್ಟಿಗೆ ಸುಮಾರು 5 ಮೀಟರ್ ಎತ್ತರದ ತಂತಿ ಅಥವಾ ಕೊಳವೆ ಬೇಕಾಗುತ್ತದೆ. ಕೆಳಗಡೆ ನೆಲದ ತಂತಿಗಳು, ಅಂದರೆ ರೇಡಿಯಲ್‌ಗಳು, ಕಡ್ಡಾಯ. ನೆಲದಿಂದ ಎತ್ತರಿಸಿದಲ್ಲಿ ತಲಾ 5 ಮೀಟರ್‌ನ ನಾಲ್ಕು ತಂತಿಗಳು ಸಾಕಾಗಬಹುದು. ನೆಲದ ಮೇಲೆ ಹಾಸಿದಲ್ಲಿ ಹೆಚ್ಚು ತಂತಿಗಳಿದ್ದಷ್ಟೂ ಉತ್ತಮ. ರೇಡಿಯಲ್‌ಗಳಿಲ್ಲದೆ ಬಳಸಿದಲ್ಲಿ ಶಕ್ತಿಯ ಬಹುಭಾಗ ಮಣ್ಣನ್ನು ಬಿಸಿ ಮಾಡಲು ವ್ಯಯವಾಗುತ್ತದೆ.

4.4 ಸುರುಳಿ ಜೋಡಿಸಿದ ಗಿಡ್ಡ ವಿಪ್

ಎರಡು ಎರಡೂವರೆ ಮೀಟರ್‌ನ ಮಡಚುವ ಕಡ್ಡಿಗೆ ಸುರುಳಿ ಸೇರಿಸಿದ ಆಂಟೆನಾಗಳು ಚೀಲದಲ್ಲಿ ಹಿಡಿಯುತ್ತವೆ. 20 ಮೀಟರ್ ಮತ್ತು ಅದಕ್ಕೆ ಮೇಲಿನ ಪಟ್ಟಿಗಳಲ್ಲಿ ಇವು ಕೆಲಸ ಮಾಡುತ್ತವೆ. 40 ಮೀಟರ್‌ನಲ್ಲಿ ಮಾತ್ರ ನೀಡಿದ ಶಕ್ತಿಯ ಅಲ್ಪಾಂಶವಷ್ಟೇ ಅಲೆಯಾಗಿ ಹೊರಡುತ್ತದೆ. ಸ್ಥಳಾಭಾವವಿದ್ದಾಗ ಮಾತ್ರ ಇವನ್ನು ಪರಿಗಣಿಸತಕ್ಕದ್ದು.

4.5 ಸುರುಳಿ ಸುತ್ತಬಹುದಾದ ಜೆ-ಪೋಲ್

ಚಪ್ಪಟೆಯಾದ 300 ಓಮ್ ರಿಬ್ಬನ್ ತಂತಿಯಿಂದ ಮಾಡಿದ, ಸುಮಾರು ಒಂದೂವರೆ ಮೀಟರ್ ಉದ್ದದ 2 ಮೀಟರ್ ಪಟ್ಟಿಯ ಆಂಟೆನಾ ಇದು. ಸುತ್ತಿ ಜೇಬಿನಲ್ಲಿಡಬಹುದು. ಕೈಸೆಟ್‌ನ ರಬ್ಬರ್ ಆಂಟೆನಾ ತೆಗೆದು, ಇದನ್ನು ಗಳದ ತುದಿಯಿಂದ ತೂಗುಬಿಟ್ಟಲ್ಲಿ ವ್ಯಾಪ್ತಿಯು ಗಣನೀಯವಾಗಿ ಹೆಚ್ಚುತ್ತದೆ. ಲೋಹದ ಕಂಬಕ್ಕೆ ತಾಗಿಸಿ ಕಟ್ಟಬಾರದು. ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಪ್ರಯೋಜನ ನೀಡುವ ಸಾಧನಗಳಲ್ಲಿ ಇದೊಂದು.

4.6 ಯಾಗಿ

2 ಮೀಟರ್ ಪಟ್ಟಿಯ ಮೂರು ಕಡ್ಡಿಗಳ ಯಾಗಿಯು ಸುಮಾರು ಒಂದು ಮೀಟರ್ ಉದ್ದವಿದ್ದು, ತನ್ನ ಮುಖವಿರುವ ದಿಕ್ಕಿನಲ್ಲಿ ಡೈಪೋಲ್‌ಗಿಂತ ಸುಮಾರು ಮೂರು ಪಟ್ಟು ಶಕ್ತಿಯ ಪರಿಣಾಮ ನೀಡುತ್ತದೆ. ಎದುರು ಕೇಂದ್ರದ ದಿಕ್ಕು ತಿಳಿದಿರುವಾಗ ಮತ್ತು ಉಪಗ್ರಹ ಸಂಪರ್ಕಕ್ಕೆ ಇದು ಉಪಯುಕ್ತ. ಇಸ್ರೋ ಸಂಸ್ಥೆಯು 2005ರ ಮೇ 5ರಂದು ಪಿಎಸ್ಎಲ್‌ವಿ-ಸಿ6 ಮೂಲಕ ಉಡಾಯಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹವನ್ನು, 2014ರಲ್ಲಿ ಅದರ ಸೇವೆ ಮುಗಿಯುವವರೆಗೂ, ಹವ್ಯಾಸಿಗಳು ಕೈಯಲ್ಲಿ ಹಿಡಿದ ಇಂತಹ ಯಾಗಿಗಳಿಂದಲೂ ಬಳಸುತ್ತಿದ್ದರು. 2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಹ್ಯಾಮ್ ರೇಡಿಯೋ ಮೂಲಕ ಮಾತನಾಡಿದ್ದನ್ನು ಇಲ್ಲಿ ಸ್ಮರಿಸಬಹುದು.

4.7 ಸಣ್ಣ ಮ್ಯಾಗ್ನೆಟಿಕ್ ಲೂಪ್

ಸುಮಾರು ಒಂದು ಮೀಟರ್ ವ್ಯಾಸದ ಬಳೆಯಾಕಾರದ ಆಂಟೆನಾ. ತಂತಿ ಎಳೆಯಲು ಜಾಗವಿಲ್ಲದ ತಾರಸಿ ಮತ್ತು ಬಾಲ್ಕನಿಗಳಿಗೆ ಸೂಕ್ತ. ಆವರ್ತನ ಸ್ವಲ್ಪ ಬದಲಾದರೂ ಮರುಹೊಂದಿಸಬೇಕಾಗುತ್ತದೆ. ಕೆಲವೇ ವ್ಯಾಟ್ ಶಕ್ತಿಯಲ್ಲಿಯೂ ಇದರ ಕೆಪಾಸಿಟರ್‌ನಲ್ಲಿ ಸಾವಿರಾರು ವೋಲ್ಟ್ ಉಂಟಾಗಬಹುದಾದುದರಿಂದ ಬಳಕೆಯ ಸಮಯದಲ್ಲಿ ಯಾರೂ ಮುಟ್ಟಬಾರದು.

5. ಸ್ಥಳಾನುಸಾರ ಪರಿಗಣಿಸಬೇಕಾದ ಅಂಶಗಳು

ಹವ್ಯಾಸಿಗಳು ಬಳಸುವ ಮೇಡನ್‌ಹೆಡ್ ಜಾಲರಿ ಪದ್ಧತಿಯಲ್ಲಿ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಪಟ್ಟಣಗಳು ಮೂರೂ ‘ಎಂಕೆ83’ ಚೌಕದಲ್ಲಿವೆ. ಕುಣಿಗಲ್ ಪಟ್ಟಣದ ದಕ್ಷಿಣಕ್ಕೆ 13 ಡಿಗ್ರಿ ಅಕ್ಷಾಂಶದ ರೇಖೆ ಹಾದುಹೋಗುತ್ತದೆ. ಆದುದರಿಂದ ಹುಲಿಯೂರುದುರ್ಗದಿಂದ ಮಾತನಾಡುವವರು ‘ಎಂಕೆ82’ ಎಂದು ನಮೂದಿಸತಕ್ಕದ್ದು.

5.1 ತುಮಕೂರು ನಗರ

ನಗರದೊಳಗೆ ವಿದ್ಯುತ್ ಉಪಕರಣಗಳ ಗದ್ದಲ ಹೆಚ್ಚಾಗಿರುವುದರಿಂದ 40 ಮೀಟರ್‌ನಲ್ಲಿ ದುರ್ಬಲ ಸಂಕೇತಗಳು ಕೇಳಿಸುವುದಿಲ್ಲ. ತಾರಸಿಯ ಮೇಲೆ 2 ಮೀಟರ್ ಪಟ್ಟಿಯ ಜೆ-ಪೋಲ್ ಅಥವಾ ಲೂಪ್ ಬಳಸಬಹುದು. ಬಾಡಿಗೆ ಮನೆ ಮತ್ತು ವಸತಿ ಸಮುಚ್ಚಯಗಳಲ್ಲಿ ಮಾಲೀಕರ ಲಿಖಿತ ಒಪ್ಪಿಗೆ ಪಡೆಯುವುದು ಸೂಕ್ತ.

ನಗರದ ಪೂರ್ವಕ್ಕಿರುವ ದೇವರಾಯನದುರ್ಗ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ತುಮಕೂರು ನಗರದ್ದು ಸುಮಾರು 820 ಮೀಟರ್. ಮೇಲೆ ತಿಳಿಸಿದ ಲೆಕ್ಕದಂತೆ ಸುಮಾರು 380 ಮೀಟರ್‌ನ ಈ ವ್ಯತ್ಯಾಸವು 80 ಕಿ.ಮೀ. ಆಸುಪಾಸಿನ ದಿಗಂತವನ್ನು ನೀಡುತ್ತದೆ. ಬೆಟ್ಟದಿಂದ ಗುಬ್ಬಿಗೆ ನೇರ ದೂರ ಸುಮಾರು 29 ಕಿ.ಮೀ., ಕುಣಿಗಲ್‌ಗೆ ಸುಮಾರು 43 ಕಿ.ಮೀ. ಹೀಗಾಗಿ ನಡುವೆ ಬೇರೆ ಬೆಟ್ಟ ಅಡ್ಡಬಾರದ ದಿಕ್ಕುಗಳಲ್ಲಿ, ಬೆಟ್ಟದ ಮೇಲಿನ ಒಬ್ಬ ಹವ್ಯಾಸಿ ಗುಬ್ಬಿ ಮತ್ತು ಕುಣಿಗಲ್‌ಗಳ ನಡುವೆ ಸಂದೇಶ ದಾಟಿಸಬಲ್ಲರು. ಬೆಟ್ಟದ ಸುತ್ತ ಅರಣ್ಯವಿದ್ದು, ಕರಡಿ ಮತ್ತು ಚಿರತೆಗಳ ಸಂಚಾರವಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅರಣ್ಯ ಪ್ರದೇಶದಲ್ಲಿ ಶಿಬಿರ ಹೂಡುವಂತಿಲ್ಲ. ದೇವಸ್ಥಾನದ ಕಟ್ಟಡ, ಗೋಪುರ ಅಥವಾ ಕೋಟೆಯ ಗೋಡೆಗಳಿಗೆ ತಂತಿ ಕಟ್ಟಬಾರದು.

5.2 ಗುಬ್ಬಿ

ತೆಂಗು ಮತ್ತು ಅಡಿಕೆ ತೋಟಗಳು ಈ ಭಾಗದಲ್ಲಿ ಸಾಮಾನ್ಯ. ತೋಟದಲ್ಲಿ ಆಧಾರಕ್ಕೆ ಕೊರತೆಯಿಲ್ಲವಾದರೂ, ಕೆಲವು ಎಚ್ಚರಿಕೆಗಳು ಅಗತ್ಯ. ತೋಟದ ಮಾಲೀಕರ ಒಪ್ಪಿಗೆ ಪಡೆಯತಕ್ಕದ್ದು. ತೆಂಗಿನ ಮರದ ಬುಡದಲ್ಲಿ ಯಂತ್ರವನ್ನಾಗಲೀ ಆಸನವನ್ನಾಗಲೀ ಇಡಬಾರದು; ಕಾಯಿ ಅಥವಾ ಒಣಗಿದ ಗರಿ ಬೀಳುವ ಅಪಾಯವಿರುತ್ತದೆ. ಮರ ಹತ್ತಿ ತಂತಿ ಕಟ್ಟುವ ಬದಲು ತೂಕ ಕಟ್ಟಿದ ಹಗ್ಗವನ್ನು ಮಾವು ಅಥವಾ ಹಲಸಿನ ಕೊಂಬೆಯ ಮೇಲೆ ಎಸೆದು ಎಳೆದುಕೊಳ್ಳುವುದು ಸುರಕ್ಷಿತ. ತಂತಿಯು ಹಸಿ ಗರಿಗಳನ್ನು ತಾಗಿದಲ್ಲಿ ಹೊಂದಾಣಿಕೆ ಕೆಡುತ್ತದೆ. ಅಡಿಕೆ ಮರ ಗಾಳಿಗೆ ಬಹಳ ಬಾಗುವುದರಿಂದ ತಂತಿಯನ್ನು ಬಿಗಿಯಾಗಿ ಕಟ್ಟದೆ ಸಡಿಲವಿರಿಸತಕ್ಕದ್ದು. ತೋಟಗಳೊಳಗೆ ತುದಿಯಿಂದ ಪೂರೈಸುವ ತಂತಿ ಅನುಕೂಲ.

ತೋಟಗಳಿಗೆ ಬಂದಿರುವ ಪಂಪ್‌ಸೆಟ್ ವಿದ್ಯುತ್ ತಂತಿಗಳು ಗರಿಗಳ ಮರೆಯಲ್ಲಿ ಕಾಣದೆ ಇರಬಹುದು. ಹಗ್ಗ ಎಸೆಯುವ ಮೊದಲು ಇಡೀ ಸಾಲನ್ನು ನಡೆದು ನೋಡತಕ್ಕದ್ದು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಅದರ ಆಸುಪಾಸಿನಲ್ಲಿ ಎತ್ತರದ ಗಳ, ಗಾಳಿಪಟ ಅಥವಾ ಬಲೂನಿನಿಂದ ತೂಗುವ ತಂತಿಗಳನ್ನು ಬಳಸಬಾರದು.

5.3 ಕುಣಿಗಲ್

ಹುತ್ರಿದುರ್ಗ, ಹುಲಿಯೂರುದುರ್ಗ ಮುಂತಾದೆಡೆ ಬಂಡೆಯ ನೆಲದಲ್ಲಿ ಗೂಟ ಇಳಿಯುವುದಿಲ್ಲ. ಗಳದ ಎಳೆಹಗ್ಗಗಳನ್ನು ದೊಡ್ಡ ಕಲ್ಲುಗಳಿಗೆ ಸುತ್ತಿ ಕಟ್ಟಬೇಕಾಗುತ್ತದೆ. ಇದಕ್ಕಾಗಿ ಹೆಚ್ಚುವರಿ ಹಗ್ಗ ಒಯ್ಯುವುದು. ಒಣ ಬಂಡೆ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡದ ಕಾರಣ ರೇಡಿಯಲ್‌ಗಳಿಲ್ಲದ ನೆಟ್ಟ ಆಂಟೆನಾ ಇಲ್ಲಿ ವಿಫಲವಾಗುತ್ತದೆ. ತಲೆಕೆಳಗಾದ ‘ವಿ’ ಉತ್ತಮ.

ಕೆರೆ ಏರಿಗಳು ತೆರೆದ ಸ್ಥಳಗಳಾಗಿದ್ದು ಆಕರ್ಷಕವಾಗಿ ಕಂಡರೂ, ಏರಿಯ ಮೇಲೆ ಗೂಟ ಹೊಡೆಯಬಾರದು ಮತ್ತು ಗುಂಡಿ ತೋಡಬಾರದು. ಕೆರೆ ಕೋಡಿ ಬೀಳುವ ಸಂದರ್ಭದಲ್ಲಿ ಏರಿ ಮತ್ತು ಕೋಡಿಯ ಬಳಿ ನಿಲ್ಲಬಾರದು. ಶಿಂಷಾ ನದಿಗೆ ಅಡ್ಡಲಾಗಿರುವ ಮಾರ್ಕೋನಹಳ್ಳಿ ಜಲಾಶಯವು ಸ್ವಯಂಚಾಲಿತ ಸೈಫನ್ ವ್ಯವಸ್ಥೆ ಹೊಂದಿದೆ. ನೀರಿನ ಮಟ್ಟ ಏರಿದಾಗ ಯಾರೂ ಬಾಗಿಲು ತೆರೆಯದೆಯೇ ಏಕಾಏಕಿ ನೀರು ಹೊರಹರಿಯುತ್ತದೆ. ಆದುದರಿಂದ ಜಲಾಶಯದ ಕೆಳಭಾಗದ ನದಿಪಾತ್ರದಲ್ಲಿ, ಅದು ಒಣಗಿದಂತೆ ಕಂಡರೂ, ಯಾವ ಕಾರಣಕ್ಕೂ ಕೇಂದ್ರ ಸ್ಥಾಪಿಸಬಾರದು.

6. ತಂತಿಯ ಉದ್ದದ ಲೆಕ್ಕ ಮತ್ತು ಹೊಂದಾಣಿಕೆ

6.1 ಅರ್ಧ ಅಲೆಯ ಡೈಪೋಲ್‌ನ ಒಟ್ಟು ಉದ್ದವನ್ನು ಮೀಟರ್‌ಗಳಲ್ಲಿ ಪಡೆಯಲು 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಬೇಕು.
- 7.1 ಮೆಗಾಹರ್ಟ್ಸ್: ಒಟ್ಟು 20.14 ಮೀಟರ್, ಪ್ರತಿ ತೋಳು 10.07 ಮೀಟರ್
- 14.2 ಮೆಗಾಹರ್ಟ್ಸ್: ಒಟ್ಟು 10.07 ಮೀಟರ್, ಪ್ರತಿ ತೋಳು 5.04 ಮೀಟರ್
- 145 ಮೆಗಾಹರ್ಟ್ಸ್: ಒಟ್ಟು 0.99 ಮೀಟರ್, ಪ್ರತಿ ತೋಳು 49 ಸೆಂಟಿಮೀಟರ್

6.2 ಪ್ಲಾಸ್ಟಿಕ್ ಹೊದಿಕೆ, ಎತ್ತರ ಮತ್ತು ಕೋನಗಳಿಂದ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಆದುದರಿಂದ ತಂತಿಯನ್ನು ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ಆಂಟೆನಾ ವಿಶ್ಲೇಷಕ ಅಥವಾ ಎಸ್‌ಡಬ್ಲ್ಯೂಆರ್ ಮೀಟರ್ ಸಹಾಯದಿಂದ ಹೊಂದಿಸತಕ್ಕದ್ದು. ಉದಾಹರಣೆಗೆ, ಪ್ರತಿ ತೋಳು 10.20 ಮೀಟರ್ ಇದ್ದಾಗ ಆಂಟೆನಾ 6.95 ಮೆಗಾಹರ್ಟ್ಸ್‌ಗೆ ಹೊಂದಿಕೊಂಡಿದ್ದು, 7.10ಕ್ಕೆ ಬೇಕಾಗಿದ್ದಲ್ಲಿ, 10.20ನ್ನು 6.95ರಿಂದ ಗುಣಿಸಿ 7.10ರಿಂದ ಭಾಗಿಸಬೇಕು. ಉತ್ತರ 9.98 ಮೀಟರ್. ಅಂದರೆ ಪ್ರತಿ ತೋಳಿನಿಂದ 22 ಸೆಂಟಿಮೀಟರ್ ಕಡಿಮೆ ಮಾಡಬೇಕು. ಕತ್ತರಿಸುವ ಬದಲು ತುದಿಯನ್ನು ಹಿಂದಕ್ಕೆ ಮಡಚಿ ಸುತ್ತಿದಲ್ಲಿ, ಬೇರೆ ಸ್ಥಳದಲ್ಲಿ ಮತ್ತೆ ಬಿಡಿಸಿಕೊಳ್ಳಬಹುದು.

6.3 ಎಸ್‌ಡಬ್ಲ್ಯೂಆರ್ 1.5 ಇದ್ದಾಗ ಸುಮಾರು ಶೇ. 4, 2 ಇದ್ದಾಗ ಸುಮಾರು ಶೇ. 11 ಮತ್ತು 3 ಇದ್ದಾಗ ಶೇ. 25ರಷ್ಟು ಶಕ್ತಿ ಹಿಂದಿರುಗುತ್ತದೆ. 2ರ ಒಳಗಿದ್ದಲ್ಲಿ ಕ್ಷೇತ್ರ ಬಳಕೆಗೆ ಸಾಕು. 1.5ರಿಂದ 1.1ಕ್ಕೆ ತರಲು ಒಂದು ಗಂಟೆ ವ್ಯಯಿಸುವುದಕ್ಕಿಂತ, ಆ ಸಮಯದಲ್ಲಿ ಗಳವನ್ನು ಇನ್ನಷ್ಟು ಭದ್ರಪಡಿಸುವುದು ಲಾಭದಾಯಕ.

7. ಕೇಬಲ್ ಮತ್ತು ಗಳ

7.1 ತೆಳುವಾದ ಆರ್‌ಜಿ-58 ಕೇಬಲ್‌ನ 10 ಮೀಟರ್ ಉದ್ದದಲ್ಲಿ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 0.4 ಡೆಸಿಬೆಲ್ ನಷ್ಟವಾಗುತ್ತದೆ. ಇದು ಗಣನೆಗೆ ಬಾರದಷ್ಟು. ಅದೇ ಕೇಬಲ್‌ನಲ್ಲಿ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ನಷ್ಟವಾಗುತ್ತದೆ. ಅಂದರೆ ಸೆಟ್‌ನಿಂದ ಹೊರಟ 5 ವ್ಯಾಟ್‌ನಲ್ಲಿ ಆಂಟೆನಾ ತಲುಪುವುದು ಸುಮಾರು 3 ವ್ಯಾಟ್ ಮಾತ್ರ. ದಪ್ಪನೆಯ ಆರ್‌ಜಿ-213 ಕೇಬಲ್‌ನಲ್ಲಿ ಈ ನಷ್ಟ ಅರ್ಧಕ್ಕಿಂತ ಕಡಿಮೆ. ಆದರೆ ತೂಕ ಹೆಚ್ಚು. 2 ಮೀಟರ್ ಪಟ್ಟಿಗೆ ಅಗತ್ಯವಿರುವಷ್ಟೇ ಉದ್ದದ ಕೇಬಲ್ ಒಯ್ಯತಕ್ಕದ್ದು.

7.2 ಗಳಕ್ಕೆ ಫೈಬರ್‌ಗ್ಲಾಸ್‌ನ ಮಡಚುವ ಕೋಲು ಹಗುರ ಮತ್ತು ಅನುಕೂಲ. ವಾಹನದಲ್ಲಿ ಸಾಗಿಸುವುದಾದರೆ ಒಣಗಿದ ಬಿದಿರು ಗಳವೂ ಆಗಬಹುದು. ಕಾರ್ಬನ್ ನಾರಿನ ಮೀನು ಹಿಡಿಯುವ ಕೋಲುಗಳು ವಿದ್ಯುತ್ತನ್ನು ಹರಿಯಗೊಡುವುದರಿಂದ ಆಂಟೆನಾದ ಕಾರ್ಯಕ್ಕೆ ಅಡ್ಡಿ ಮಾಡುತ್ತವೆ ಮತ್ತು ವಿದ್ಯುತ್ ತಂತಿಯ ಬಳಿ ಪ್ರಾಣಾಂತಿಕ. ಅವನ್ನು ಬಳಸಬಾರದು.

8. ಸುರಕ್ಷತೆ

8.1 ಆಂಟೆನಾ ಕಾರ್ಯದಲ್ಲಿ ಅತಿ ದೊಡ್ಡ ಅಪಾಯ ವಿದ್ಯುತ್ ತಂತಿಗಳದು. ಗಳ ಮತ್ತು ತಂತಿ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಯನ್ನು ತಲುಪದಷ್ಟು ದೂರವಿರತಕ್ಕದ್ದು. ಗಳದ ಎತ್ತರದ ಕನಿಷ್ಠ ಒಂದೂವರೆ ಪಟ್ಟು ಅಂತರ ಕಾಯ್ದುಕೊಳ್ಳುವುದು. ತಂತಿಯು ವಿದ್ಯುತ್ ಮಾರ್ಗದ ಮೇಲೆ ಬಿದ್ದಲ್ಲಿ ಅದನ್ನು ಎಳೆಯಲು ಪ್ರಯತ್ನಿಸದೆ, ದೂರ ಸರಿದು ಬೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡತಕ್ಕದ್ದು.

8.2 ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆ ಸಾಮಾನ್ಯ. ಮೊದಲ ಗುಡುಗು ಕೇಳಿಸಿದೊಡನೆ ಕೇಬಲ್ ಬಿಚ್ಚಿ, ಬೆಟ್ಟದ ತುದಿ ಹಾಗೂ ಮರದ ಬುಡದಿಂದ ದೂರ ಸರಿದು, ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಹೋಗತಕ್ಕದ್ದು. ಗಳ ಇಳಿಸಲು ನಿಲ್ಲಬಾರದು.

8.3 ಸಂದೇಶ ಕಳುಹಿಸುವಾಗ ತಂತಿಯ ತುದಿಗಳಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ. ಸುಟ್ಟ ಗಾಯ ಉಂಟಾಗಬಹುದು. ತುದಿಗಳು ಜನರಿಗೆ, ಮಕ್ಕಳಿಗೆ ಮತ್ತು ಜಾನುವಾರುಗಳಿಗೆ ಎಟುಕದಂತಿರಬೇಕು. ಎಳೆಹಗ್ಗಗಳಿಗೆ ಬಣ್ಣದ ಬಟ್ಟೆ ಕಟ್ಟುವುದು. ರಸ್ತೆ ಅಥವಾ ಕಾಲುದಾರಿಗೆ ಅಡ್ಡಲಾಗಿ ತಂತಿ ಎಳೆಯಬಾರದು.

9. ಖರೀದಿಗೆ ಮುನ್ನ

- ತಲುಪಬೇಕಾದ ಸ್ಥಳ ಮತ್ತು ದೂರವನ್ನು ಬರೆದುಕೊಳ್ಳುವುದು.
- ಪರವಾನಗಿಯಲ್ಲಿ ಅನುಮತಿಸಿದ ಆವರ್ತನಗಳಿಗೆ ಮಾತ್ರ ಆಂಟೆನಾ ಕೊಳ್ಳುವುದು.
- ಮಾರಾಟಗಾರರು ತಿಳಿಸುವ ಶಕ್ತಿಮಿತಿಯು ತಮ್ಮ ಯಂತ್ರದ ಶಕ್ತಿಗಿಂತ ಹೆಚ್ಚಿರುವುದನ್ನು ಖಚಿತಪಡಿಸಿಕೊಳ್ಳುವುದು.
- ಕೇಬಲ್ ಕನೆಕ್ಟರ್ ತಮ್ಮ ಸೆಟ್‌ಗೆ ಹೊಂದುತ್ತದೆಯೇ ಎಂದು ನೋಡುವುದು.
- ಒಬ್ಬರೇ ಎಷ್ಟು ಸಮಯದಲ್ಲಿ ಕಟ್ಟಿ ನಿಲ್ಲಿಸಬಹುದು ಎಂಬುದನ್ನು ಮನೆಯ ಬಳಿ ಪರೀಕ್ಷಿಸುವುದು.
- ರಸೀದಿ ಪಡೆದು, ಪರವಾನಗಿಯ ಕಡತದೊಡನೆ ಇಟ್ಟುಕೊಳ್ಳುವುದು.

ಹಣ ಸೀಮಿತವಾಗಿದ್ದಲ್ಲಿ, ಸ್ವತಃ ತಯಾರಿಸಿದ 40 ಮೀಟರ್ ಡೈಪೋಲ್, ಒಂದು ಜೆ-ಪೋಲ್ ಮತ್ತು ಎರಡಕ್ಕೂ ಬಳಕೆಯಾಗುವ ಒಂದು ಗಳ, ಇವಿಷ್ಟೇ ತುಮಕೂರು, ಗುಬ್ಬಿ ಹಾಗೂ ಕುಣಿಗಲ್ ಭಾಗದ ಬಹುತೇಕ ಅಗತ್ಯಗಳನ್ನು ಪೂರೈಸುತ್ತವೆ. ಉಳಿದ ಹಣವನ್ನು ಉತ್ತಮ ಬ್ಯಾಟರಿಗೆ ವಿನಿಯೋಗಿಸಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಾಲತಾಣದಲ್ಲಿ ಕೊಂಡ ವಾಕಿಟಾಕಿಯನ್ನು ಪರವಾನಗಿಯಿಲ್ಲದೆ ಹವ್ಯಾಸಿ ಪಟ್ಟಿಯಲ್ಲಿ ಬಳಸಬಹುದೇ?
ಉತ್ತರ: ಬಳಸುವಂತಿಲ್ಲ. ರೇಡಿಯೋ ಉಪಕರಣಗಳ ಕಾನೂನುಬಾಹಿರ ಆನ್‌ಲೈನ್ ಮಾರಾಟ ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮಾರಾಟಕ್ಕೆ ದೊರೆಯುತ್ತದೆ ಎಂಬ ಮಾತ್ರಕ್ಕೆ ಬಳಕೆಗೆ ಅನುಮತಿಯಿದೆ ಎಂದಾಗುವುದಿಲ್ಲ.

ಪ್ರಶ್ನೆ: ಎಲ್ಲ ಪಟ್ಟಿಗಳಿಗೂ ಒಂದೇ ಆಂಟೆನಾ ಸಾಲದೇ?
ಉತ್ತರ: ಸಾಲದು. ಹತ್ತಿರಕ್ಕೆ ಮೇಲ್ಮುಖವಾಗಿ ಮತ್ತು ದೂರಕ್ಕೆ ದಿಗಂತದತ್ತ ಒಂದೇ ಆಂಟೆನಾ ಸಮನಾಗಿ ಅಲೆ ಕಳುಹಿಸಲಾರದು.

ಪ್ರಶ್ನೆ: ಎಸ್‌ಡಬ್ಲ್ಯೂಆರ್ 1.0 ಇದ್ದಲ್ಲಿ ಆಂಟೆನಾ ಉತ್ತಮವೆಂದು ತಿಳಿಯಬಹುದೇ?
ಉತ್ತರ: ತಿಳಿಯಲಾಗದು. ಅಲೆಯನ್ನೇ ಹೊರಸೂಸದ, 50 ಓಮ್‌ನ ಪರೀಕ್ಷಾ ರೆಸಿಸ್ಟರ್ ಕೂಡ ಇದೇ ಅಂಕಿಯನ್ನು ತೋರಿಸುತ್ತದೆ.

ಪ್ರಶ್ನೆ: ಮೊಬೈಲ್ ಗೋಪುರ ಅಥವಾ ವಿದ್ಯುತ್ ಕಂಬಕ್ಕೆ ಆಂಟೆನಾ ಕಟ್ಟಬಹುದೇ?
ಉತ್ತರ: ಯಾವುದೇ ಸಂದರ್ಭದಲ್ಲಿಯೂ ಕಟ್ಟುವಂತಿಲ್ಲ.

ಪ್ರಶ್ನೆ: ಪ್ರವಾಹ ಅಥವಾ ಅಪಘಾತದ ಸಂದರ್ಭದಲ್ಲಿ ಮೊದಲು ಏನು ಮಾಡಬೇಕು?
ಉತ್ತರ: ದೂರವಾಣಿ ಕಾರ್ಯನಿರ್ವಹಿಸುತ್ತಿದ್ದಲ್ಲಿ 112 ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕರೆ ಮಾಡತಕ್ಕದ್ದು. ಹವ್ಯಾಸಿ ರೇಡಿಯೋ ಈ ಸೇವೆಗಳಿಗೆ ಪರ್ಯಾಯವಲ್ಲ. ಅವು ದೊರೆಯದಿದ್ದಾಗ ಬಳಸುವ ಪೂರಕ ಸಾಧನ. ರೇಡಿಯೋ ಮೂಲಕ ತಿಳಿಸುವಾಗ ಊರು, ಸ್ಥಳದ ಗುರುತು, ಜನರ ಸಂಖ್ಯೆ ಮತ್ತು ಬೇಕಾದ ನೆರವನ್ನು ಈ ಕ್ರಮದಲ್ಲಿಯೇ ನಿಧಾನವಾಗಿ ಓದಿ, ಎದುರಿನವರಿಂದ ಮರಳಿ ಓದಿಸಿಕೊಳ್ಳತಕ್ಕದ್ದು.

11. ಕೊನೆಯ ಸೂಚನೆ

ಪರವಾನಗಿದಾರರು ತಿಂಗಳಿಗೊಮ್ಮೆಯಾದರೂ ತಮ್ಮ ಆಂಟೆನಾವನ್ನು ಹೊರಗೆ ಕಟ್ಟಿ, ನಿಗದಿತ ಊರಿನೊಡನೆ ಸಂಪರ್ಕ ಸಾಧಿಸಿ, ಸಮಯ, ಆವರ್ತನ ಮತ್ತು ಸಂಕೇತದ ಬಲವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಒಳಿತು. ಕುಣಿಗಲ್‌ನಿಂದ ಬೆಳಿಗ್ಗೆ ಹತ್ತಕ್ಕೆ ಯಾವ ಆಂಟೆನಾದಲ್ಲಿ ತುಮಕೂರು ಕೇಳಿಸಿತು, ಸಂಜೆ ಏಳಕ್ಕೆ ಯಾವುದರಲ್ಲಿ ಕೇಳಿಸಲಿಲ್ಲ ಎಂಬ ಇಂತಹ ದಾಖಲೆಯು, ಅಗತ್ಯ ಬಿದ್ದ ದಿನ ಯಾವುದೇ ಕೈಪಿಡಿಗಿಂತ ಹೆಚ್ಚು ನೆರವಾಗುತ್ತದೆ.

ಈ ಪುಟದಲ್ಲಿರುವ ವಿವರಗಳು ಮಾಹಿತಿಗಾಗಿ ಮಾತ್ರ. ಪರವಾನಗಿಯ ಷರತ್ತುಗಳಿಗೂ ಈ ವಿವರಗಳಿಗೂ ವ್ಯತ್ಯಾಸ ಕಂಡುಬಂದಲ್ಲಿ ಪರವಾನಗಿಯ ಷರತ್ತುಗಳೇ ಅಂತಿಮವಾಗಿರುತ್ತವೆ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.